ಡಿಗ್ರಿಗೆ ಸೋತ ರುಚಿ

ಡಬ್ಬಿಯಲ್ಲಿ ಬರುವ ಇಂಗ್ಲಿಷ್ ಏಲ್ ಬಿಯರಿಗೆ ಅಂಕ ಕೊಡುವ ಪದ್ಧತಿಯೊಂದಿದೆ. ಡಬ್ಬಿಯನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಮೊದಲು ಬಣ್ಣವನ್ನೂ ನೊರೆಯನ್ನೂ ನೋಡುತ್ತಾರೆ. ಆಮೇಲೆ ವಾಸನೆ, ಆಮೇಲೆ ನಾಲಗೆಗೆ ಸಿಗುವ ಸಿಹಿ, ಕಹಿ, ಹುಳಿ. ನುಂಗಿದ ಮೇಲೆ ಬಾಯಲ್ಲಿ ಉಳಿಯುವ ಒಗರು ಎಷ್ಟು, ಪಾನೀಯ ತೆಳುವೋ ಮಂದವೋ ಎಂಬುದನ್ನೂ ಗಮನಿಸಿ ಕೊನೆಗೆ ಒಟ್ಟಾರೆ ಅಂಕ ಹಾಕುತ್ತಾರೆ. ಏಲ್ ಎಂಬುದು ತುಸು ಬೆಚ್ಚಗಿನ ಹವೆಯಲ್ಲಿ ಹುದುಗುವ ಬಿಯರು; ಅದರಿಂದ ಅದಕ್ಕೆ ಮಾಗಿದ ಹಣ್ಣಿನ ವಾಸನೆ ಬರುತ್ತದೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಅದಕ್ಕೆ ಬಣ್ಣವನ್ನೂ ಸಿಹಿಯನ್ನೂ ಕೊಡುತ್ತದೆ, ಹಾಪ್ಸ್ ಎಂಬ ಬಳ್ಳಿಯ ಹೂವು ಕಹಿಯನ್ನು ಕೊಡುತ್ತದೆ. ಈ ಒಂದೊಂದು ಗುಣಕ್ಕೂ ಅಲ್ಲಿ ಹೆಸರುಂಟು, ಆ ಹೆಸರುಗಳ ಮೇಲೆ ತಕರಾರೂ ಉಂಟು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಯಿಂದ ನೋಡಿದರೆ ಇದೆಲ್ಲ ದೂರದೇಶದವರ ಷೋಕಿ ಎನ್ನಿಸಬಹುದು. ನಮ್ಮ ಕಡೆ ಕುಡಿತದ ಬಗ್ಗೆ ಬಹಿರಂಗವಾಗಿ ಉಳಿದಿರುವ ಮಾತು ಎರಡೇ. ಕುಡಿಯಬಾರದು ಎಂಬುದು ಒಂದು, ಎಷ್ಟು ಕಡಕ್ ಎಂಬುದು ಇನ್ನೊಂದು. ಈ ಎರಡರ ನಡುವೆ ರುಚಿಯ ಮಾತಿಗೆ ಜಾಗವೇ ಇಲ್ಲ. ಈ ಬಡತನ ಇಲ್ಲಿನ ಜನರ ನಾಲಗೆಯದ್ದಲ್ಲ. ಸುಮಾರು ನೂರೈವತ್ತು ವರ್ಷಗಳ ಕಾನೂನು, ತೆರಿಗೆ ಮತ್ತು ಗುತ್ತಿಗೆ ಸೇರಿ ತಂದಿಟ್ಟ ಬಡತನ ಅದು. ನೆರೆಯವರು ನೆರೆಯವರಿಗಾಗಿ ತೂಗಿ ನೋಡುತ್ತಿದ್ದ ಪಾನೀಯವನ್ನು ಆಳುವವರು ಅಪರಿಚಿತರ ಕೈಗೆ ಕೊಟ್ಟರು, ಆದರೆ ಅಪರಿಚಿತರ ಸರಕನ್ನು ತೂಗಿ ನೋಡುವ ಉಪಾಯವನ್ನು ಕೊಡಲಿಲ್ಲ. ನನ್ನ ವಾದ ಇಷ್ಟೇ.

ಮೊದಲು ಒಂದು ಸಂದೇಹವನ್ನು ತೀರಿಸಬೇಕು. ಈ ನೆಲದವರಿಗೆ ದರ್ಜೆ ಹಚ್ಚುವ ಅಭ್ಯಾಸವೇ ಇರಲಿಲ್ಲವೆಂದಾದರೆ ನನ್ನ ವಾದಕ್ಕೆ ಬುಡವಿಲ್ಲ. ಆದರೆ ಕನ್ನಡ ಸೀಮೆಯಲ್ಲಿ ದರ್ಜೆಯ ಮಾತಿಗೆ ಇದಕ್ಕಿಂತ ಹಳೆಯ ಊರು ಸಿಗುವುದು ಕಷ್ಟ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನಾಡನ್ನು ಕನ್ನಡದ ತಿರುಳು ಎಂದು ಗುರುತಿಸಿತು. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಯಾವ ನುಡಿ ಹದವಾದದ್ದು, ಯಾವುದು ಅಲ್ಲ ಎಂದು ತೀರ್ಮಾನಿಸಲು ಈ ಸೀಮೆಯನ್ನೇ ಅಳತೆಗೋಲಾಗಿ ಹಿಡಿದರು ಎಂದಾಯಿತು. ಎಂಟನೆಯ ಶತಮಾನದ ಆರಂಭದಲ್ಲಿ ಯುವರಾಜ ವಿಕ್ರಮಾದಿತ್ಯನು ಇದೇ ಊರಿಗೆ ಕೊಟ್ಟ ಆಚಾರವ್ಯವಸ್ಥೆಯ ಶಾಸನವು ಊರವರ ಹಕ್ಕು, ತೆರಿಗೆ, ದಂಡಗಳನ್ನು ಬಿಡಿಬಿಡಿಯಾಗಿ ಗೊತ್ತುಪಡಿಸಿದೆ. ಹತ್ತಿರದ ಕಾಲಕ್ಕೆ ಬಂದರೆ ಗದಗಿನ ಹತ್ತಿ ಪೇಟೆ ಕಾಣುತ್ತದೆ. ಅರಳೆಯನ್ನು ಎರಡು ಕೈಗಳ ನಡುವೆ ಎಳೆದು ಎಳೆಯ ಉದ್ದ ನೋಡುವುದು, ಬಣ್ಣ ನೋಡುವುದು, ಎಲೆಯ ಚೂರು ಎಷ್ಟಿದೆ ಎಂದು ಕಣ್ಣಲ್ಲೇ ತೂಗುವುದು ಅಲ್ಲಿ ದಿನನಿತ್ಯದ ಕೆಲಸ. ಇಲ್ಲಿನ ಹತ್ತಿಯ ಹೆಸರುಗಳೇ ಅದರ ದರ್ಜೆಯನ್ನು ಹೇಳುತ್ತಿದ್ದವು. ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದ ನಾಡಹತ್ತಿ ಕುಮಟಾ ಆಯಿತು, ಅಮೆರಿಕದ ಬೀಜದಿಂದ ಬೆಳೆದದ್ದು ಧಾರವಾಡ-ಅಮೆರಿಕನ್ ಆಯಿತು, ಮುಂದೆ ಗದಗ ನಂಬರ್ ಒಂದು ಎಂಬ ತಳಿಯೇ ಹೆಸರಾಯಿತು. ಪಕ್ಕದ ಬ್ಯಾಡಗಿಯಲ್ಲಿ ಮೆಣಸಿನಕಾಯಿಯನ್ನು ಡಬ್ಬಿ, ಕಡ್ಡಿ ಎಂದು ಬೇರೆ ಮಾಡುತ್ತಾರೆ. ಬೆಲೆ ಕಟ್ಟುವಾಗ ಖಾರಕ್ಕಿಂತ ಬಣ್ಣಕ್ಕೇ ಹೆಚ್ಚು ತೂಕ. ಇಷ್ಟೊಂದು ಸರಕುಗಳಿಗೆ ದರ್ಜೆ ಹಚ್ಚಿದ ಕಣ್ಣು, ಕೈ, ಮೂಗುಗಳು ಕುಡಿಯುವ ಪದಾರ್ಥದ ಮುಂದೆ ಮಾತ್ರ ಮೂಕವಾಗಿದ್ದವು ಎಂದು ನಂಬಲು ಕಾರಣವಿಲ್ಲ.

ಅವು ಮೂಕವಾಗಿರಲಿಲ್ಲ ಎಂಬುದಕ್ಕೆ ಹಳೆಯ ಸಾಕ್ಷಿಯೂ ಇದೆ. ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳಿನದು ಎಂದು ಹೇಳಿಕೊಂಡ ಪಂಪನು 941ರಲ್ಲಿ ಮುಗಿಸಿದ ವಿಕ್ರಮಾರ್ಜುನ ವಿಜಯದ ನಾಲ್ಕನೆಯ ಆಶ್ವಾಸದಲ್ಲಿ ಒಂದು ಪಾನಗೋಷ್ಠಿಯನ್ನು ಚಿತ್ರಿಸಿದ್ದಾನೆ. ಅಲ್ಲಿ ಗಿಳಿ, ಹಂಸಗಳ ಆಕಾರದ ಬಟ್ಟಲುಗಳಿವೆ. ಕುಡಿಯುವ ಮೊದಲು ಮದ್ಯದ ದೇವತೆಗೆ ಪೂಜೆ ಸಲ್ಲುತ್ತದೆ, ನೆಲಕ್ಕೆ ಎರೆಯುವ ಕ್ರಮವಿದೆ, ನಾಲಗೆಯ ತುದಿಗೆ ಮುಟ್ಟಿಸಿ ನೋಡುವ ಸಾವಧಾನವಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಅರಸ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಬರೀ ಕುಡಿಯುವ ನೀರನ್ನೇ ಅದರ ಮೂಲ ಮತ್ತು ಋತುವನ್ನು ನೋಡಿ ವಿಂಗಡಿಸುತ್ತದೆ. ಇವೆಲ್ಲ ಅರಮನೆಯ ಮತ್ತು ಗಣಿಕೆಯರ ಕೇರಿಯ ಚಿತ್ರಗಳು, ದುಡಿಯುವವನ ಕುಡಿತಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸರಿಯಾದ ಪ್ರಶ್ನೆಯೇ. ಆದರೆ ಅದೇ ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನಿದ್ದಾನೆ. ಹೆಂಡ ಮಾರುವ ಕಾಯಕದವನಾದ ಈತ ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ವಚನ ರಚಿಸಿದ. ಮಡಕೆ, ಹೆಂಡ, ಅಮಲುಗಳನ್ನೇ ಅರಿವಿನ ರೂಪಕವಾಗಿ ಬಳಸಿದ. ಮಾರುವವನೊಬ್ಬ ತನ್ನ ಸರಕಿನ ಗುಣವನ್ನು ಮಾತಿನಲ್ಲಿ ಹಿಡಿಯಬಲ್ಲವನಾಗಿದ್ದ, ಕೇಳುವವರಿಗೆ ಆ ಮಾತು ಅರ್ಥವಾಗುತ್ತಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ರುಜುವಾತು ಬೇಕಿಲ್ಲ. ಕುಡಿತವನ್ನು ಒಪ್ಪದ ಸಮಾಜವೂ ಹೆಂಡದ ಬಗ್ಗೆ ಮಾತಾಡಬಲ್ಲದಾಗಿತ್ತು. ಒಪ್ಪದಿರುವುದು ಬೇರೆ, ಮಾತನ್ನೇ ಕಳೆದುಕೊಳ್ಳುವುದು ಬೇರೆ.

ಈ ಸೀಮೆಯ ಸಾಮಾನ್ಯರ ಪಾನೀಯವಾಗಿದ್ದದ್ದು ಈಚಲ ಹೆಂಡ, ಇಲ್ಲಿನ ಮಾತಿನಲ್ಲಿ ಶಿಂದಿ. ಎರೆನೆಲದ ಬಯಲಿನಲ್ಲಿ ಹಳ್ಳದ ದಂಡೆಗೆ ಬೆಳೆಯುವ ಈಚಲ ಮರದ ತಲೆಯ ಕೆಳಗೆ ತೊಗಟೆಯನ್ನು ಹೆರೆದು, ಸಂಜೆ ಮಡಕೆ ಕಟ್ಟಿ, ಬೆಳಗಾಗುವ ಮೊದಲು ಇಳಿಸುತ್ತಿದ್ದರು. ಚಳಿಗಾಲದ ರಸ ಹೆಚ್ಚು ಸಿಹಿ. ಮಡಕೆಯ ಒಳಗೆ ಸುಣ್ಣ ಬಳಿದರೆ ರಸ ಹುದುಗದೆ ನೀರಾ ಆಗಿ ಉಳಿಯುತ್ತದೆ. ಬಳಿಯದಿದ್ದರೆ ಗಾಳಿಯಲ್ಲಿರುವ ಹುದುಗು ಸೇರಿ ಗಂಟೆಗಂಟೆಗೂ ಬೇರೆಯಾಗುತ್ತ ಹೋಗುತ್ತದೆ. ನಸುಕಿನಲ್ಲಿ ಸಿಹಿ, ಹೊತ್ತೇರಿದಂತೆ ಸಿಹಿಹುಳಿ, ಮಧ್ಯಾಹ್ನದ ಮೇಲೆ ಹುಳಿಯೂ ಅಮಲೂ ಏರಿ, ಮಾರನೆಯ ದಿನಕ್ಕೆ ಬರೀ ಹುಳಿ. ನನ್ನ ವಾದಕ್ಕೆ ಬರುವ ಬಲವಾದ ಆಕ್ಷೇಪಣೆ ಇಲ್ಲೇ ಇದೆ. ಹತ್ತಿಯನ್ನು ಗೋದಾಮಿನಲ್ಲಿಟ್ಟು ಆರು ತಿಂಗಳ ನಂತರವೂ ದರ್ಜೆ ಹಚ್ಚಬಹುದು. ಅರ್ಧ ದಿನದಲ್ಲಿ ಬೇರೆಯೇ ಆಗಿಬಿಡುವ ಪಾನೀಯಕ್ಕೆ ದರ್ಜೆ ಎಲ್ಲಿಂದ ಬರಬೇಕು? ಉತ್ತರ ಆ ಪ್ರಶ್ನೆಯ ಒಳಗೇ ಇದೆ. ಶಿಂದಿಯ ದರ್ಜೆ ಎಂದರೆ ಅದರ ಹೊತ್ತು. ಯಾವ ಹಳ್ಳದ ಮರ, ಯಾವ ಕಾಲ, ಇಳಿಸಿ ಎಷ್ಟು ಹೊತ್ತಾಯಿತು, ನೀರು ಬೆರೆಸಿದ್ದಾರೆಯೇ ಇಲ್ಲವೇ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲವನು ಮರ ಹತ್ತಿದವನು. ಆ ಉತ್ತರ ನಿಜವೋ ಸುಳ್ಳೋ ಹೇಳಬಲ್ಲವನು ಅದೇ ಊರಿನ ಕುಡಿಯುವವನು. ಇಬ್ಬರೂ ನಾಳೆ ಮತ್ತೆ ಮುಖ ನೋಡಬೇಕಾದವರು. ಹಾಲು, ಮಜ್ಜಿಗೆ, ಎಲೆ, ತರಕಾರಿಗಳಿಗೆ ಸಂತೆಯಲ್ಲಿ ನಡೆಯುವ ದರ್ಜೆಯೂ ಇಂಥದ್ದೇ. ಅದು ಬರೆದಿಡುವಂಥದ್ದಲ್ಲ, ಬಳಕೆಯಲ್ಲಿ ಬದುಕುವಂಥದ್ದು. ಆದ್ದರಿಂದಲೇ ಬಳಕೆ ಕಡಿದುಹೋದ ದಿನ ಅದೂ ಹೋಗುತ್ತದೆ.

ಆ ಬಳಕೆಯನ್ನು ಕಡಿದ ಕಾನೂನಿನ ಹೆಸರು 1878ರ ಮುಂಬಯಿ ಅಬಕಾರಿ ಕಾಯ್ದೆ. ಗದಗ ಮತ್ತು ಮುಂಡರಗಿ ಆಗ ಧಾರವಾಡ ಜಿಲ್ಲೆಯ ಭಾಗ, ಧಾರವಾಡ ಮುಂಬಯಿ ಇಲಾಖೆಯ ಭಾಗ. ಈ ಕಾಯ್ದೆಯ ಆಡಳಿತದಲ್ಲಿ ಹಳ್ಳಿಹಳ್ಳಿಯ ಸಣ್ಣ ಭಟ್ಟಿಗಳು ಮುಚ್ಚಿದವು. ಶೆರೆ, ಅಂದರೆ ಸಾರಾಯಿ, ಇಳಿಸುವ ಕೆಲಸ ಸರಕಾರದ ಕಣ್ಣಳತೆಯಲ್ಲಿರುವ ದೊಡ್ಡ ಭಟ್ಟಿಗಳಿಗೆ ಹೋಯಿತು. ಮಾರುವ ಹಕ್ಕು ಗುತ್ತಿಗೆದಾರರ ಪಾಲಾಯಿತು. ಶಿಂದಿಯ ಮರಗಳ ಮೇಲೆ ತೆರಿಗೆ ಬಿತ್ತು. ಪರವಾನಗಿ ಇಲ್ಲದೆ ಮರ ಕೆತ್ತುವುದು ಅಪರಾಧವಾಯಿತು. ಸರಕಾರಕ್ಕೆ ಬೇಕಾಗಿದ್ದದ್ದು ಆದಾಯ, ಆದಾಯಕ್ಕೆ ಬೇಕಾದದ್ದು ಎಲ್ಲೆಡೆ ಒಂದೇ ಆಗಿರುವ ಅಳತೆ. ಅದಕ್ಕೆ ಸಾಧನವೂ ಸಿದ್ಧವಿತ್ತು. ಇಂಗ್ಲೆಂಡಿನಲ್ಲಿ 1816ರ ಕಾನೂನು ಒಪ್ಪಿಕೊಂಡಿದ್ದ ಸೈಕ್ಸ್ ಹೈಡ್ರೋಮೀಟರನ್ನು ಮದ್ಯದಲ್ಲಿ ತೇಲಿಬಿಟ್ಟರೆ ಅದರಲ್ಲಿರುವ ಅಮಲಿನ ಪ್ರಮಾಣ ಗೊತ್ತಾಗುತ್ತಿತ್ತು. ಪ್ರೂಫ್ ಎಂಬುದೊಂದು ಗಟ್ಟಿತನವನ್ನು ಗೆರೆಯಾಗಿಟ್ಟುಕೊಂಡು, ಅದಕ್ಕಿಂತ ಎಷ್ಟು ಡಿಗ್ರಿ ಕೆಳಗೆ ಎಂದು ಲೆಕ್ಕ ಹಾಕುತ್ತಿದ್ದರು. ಮುಂಬಯಿ ಇಲಾಖೆಯ ಅಂಗಡಿಗಳಲ್ಲಿ ಶೆರೆ ಬರುತ್ತಿದ್ದದ್ದು ಮುಖ್ಯವಾಗಿ ಎರಡು ಬಗೆಯಲ್ಲಿ: ಪ್ರೂಫಿಗಿಂತ 25 ಡಿಗ್ರಿ ಕೆಳಗಿನದು ಮತ್ತು 60 ಡಿಗ್ರಿ ಕೆಳಗಿನದು. ಬೆಲ್ಲದ್ದೋ, ಇಪ್ಪೆ ಹೂವಿನದ್ದೋ, ಹೊಗೆ ಹಿಡಿದಿದೆಯೋ, ಮೃದುವೋ ಎಂಬ ಭೇದಗಳೆಲ್ಲ ಆ ಎರಡು ಅಂಕಿಗಳ ಹಿಂದೆ ಮರೆಯಾದವು. ಪ್ರೂಫಿನ ಗೆರೆ ಎಂದರೆ ನೂರಕ್ಕೆ ಸುಮಾರು 57.1 ಪಾಲು ಆಲ್ಕೊಹಾಲು. ಅದರಲ್ಲಿ ಕಾಲು ಭಾಗ ಕಳೆದರೆ 42.8. ಇಂದಿಗೂ ಭಾರತದ ವಿಸ್ಕಿ, ರಮ್ಮುಗಳ ಬಾಟಲಿಯ ಮೇಲೆ ಅಚ್ಚಾಗಿರುವ 42.8 ಅದೇ ಲೆಕ್ಕದ ಉಳಿಕೆ. ವಸಾಹತು ಸರಕಾರ ಹೋಗಿ ಎಷ್ಟೋ ದಶಕಗಳಾದರೂ ಅದು ನಮ್ಮ ಕುಡಿತಕ್ಕೆ ಹಚ್ಚಿದ ಒಂದೇ ಒಂದು ದರ್ಜೆ ಬಾಟಲಿಗೆ ಅಂಟಿಕೊಂಡೇ ಇದೆ.

ಈ ನಾಲ್ಕು ಊರುಗಳ ವಿಷಯದಲ್ಲಿ ಇನ್ನೊಂದು ತೊಡಕಿತ್ತು. ಗದಗ, ಮುಂಡರಗಿ ಬ್ರಿಟಿಷರವು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಮುಂಡರಗಿಯಿಂದ ಮೂಡಲಿಗೆ ಹೋದರೆ ನಿಜಾಮರ ಕೊಪ್ಪಳ. ತುಂಗಭದ್ರೆ ದಾಟಿದರೆ ಮದ್ರಾಸ್ ಇಲಾಖೆಯ ಹೂವಿನಹಡಗಲಿ. ಕಪ್ಪತಗುಡ್ಡದ ಸುತ್ತ ಒಂದೆರಡು ದಿನದ ನಡಿಗೆಯಲ್ಲಿ ಐದು ಸರಕಾರಗಳ ಅಬಕಾರಿ. ಮರ ಒಂದೇ ಜಾತಿಯದು, ಹಳ್ಳ ಒಂದೇ, ಕುಡಿಯುವವರು ಬೀಗರು ನೆಂಟರು, ಬೇರೆಯಾಗಿದ್ದದ್ದು ತೆರಿಗೆ. ಇಂಥ ಗಡಿಯಲ್ಲಿ ಅಗ್ಗದ ಕಡೆಯಿಂದ ತುಟ್ಟಿಯ ಕಡೆಗೆ ಸರಕು ಹರಿಯುವುದು ನೀರು ತಗ್ಗಿಗೆ ಹರಿದಷ್ಟೇ ಸಹಜ. ಕದ್ದು ಸಾಗಿಸುವ ಸರಕಿಗೆ ಎರಡು ಗುಣ ಬೇಕು: ಕಡಿಮೆ ಜಾಗ ಹಿಡಿಯಬೇಕು, ಬೇಗ ಕೆಡಬಾರದು. ಶಿಂದಿಗೆ ಆ ಎರಡೂ ಇಲ್ಲ, ಶೆರೆಗೆ ಎರಡೂ ಇವೆ. ಗಡಿ ಹೆಚ್ಚಿದಷ್ಟೂ ಗಟ್ಟಿ ಮದ್ಯಕ್ಕೆ ಅನುಕೂಲ, ತೆಳು ಪಾನೀಯಕ್ಕೆ ನಷ್ಟ. ಕದ್ದು ಬಂದದ್ದನ್ನು ಕತ್ತಲಲ್ಲಿ ಕುಡಿಯುವವನು ಬಣ್ಣ, ವಾಸನೆ ನೋಡುತ್ತ ಕೂರುವುದಿಲ್ಲ. ಅವನಿಗೆ ಬೇಕಾದ ಉತ್ತರ ಒಂದೇ, ಏರುತ್ತದೆಯೋ ಇಲ್ಲವೋ. ಹೀಗೆ ಗಡಿಯ ಲೆಕ್ಕವೂ ಡಿಗ್ರಿಯ ಕಡೆಗೇ ವಾಲಿತು.

ಇಲ್ಲಿ ಒಬ್ಬ ಓದುಗ ಎದ್ದು ಕೇಳಬಹುದು: ಇಂಗ್ಲೆಂಡಿನಲ್ಲೂ ತೆರಿಗೆಯಿತ್ತು, ಹೈಡ್ರೋಮೀಟರಿತ್ತು; ಅಲ್ಲಿ ರುಚಿಯ ಮಾತು ಏಕೆ ಸಾಯಲಿಲ್ಲ? ನಿಜ, 1880ರಿಂದ ಅಲ್ಲಿ ಬಿಯರಿನ ತೆರಿಗೆಯೂ ಹುದುಗುವ ಮುಂಚಿನ ರಸದ ಸಾಂದ್ರತೆಯ ಮೇಲೆಯೇ ನಿಂತಿತು, ಅದೂ ಒಂದು ಅಂಕಿಯೇ. ವ್ಯತ್ಯಾಸ ಇದ್ದದ್ದು ಹೆಸರಿನಲ್ಲಿ. ಅಲ್ಲಿ ಮಾಡುವವನಿಗೆ ಹೆಸರಿತ್ತು. ಬ್ರಿಟನ್ನಿನ ಟ್ರೇಡ್‌ಮಾರ್ಕ್ ನೋಂದಣಿ 1876ರಲ್ಲಿ ಶುರುವಾದಾಗ ಮೊಟ್ಟಮೊದಲು ದಾಖಲಾದದ್ದು ಬರ್ಟನ್ ಊರಿನ ಬಾಸ್ ಏಲಿನ ಕೆಂಪು ತ್ರಿಕೋನ. ಅದಕ್ಕೂ ಹಿಂದೆ, ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಬೋ ಎಂಬಲ್ಲಿನ ಹಾಡ್ಜ್‌ಸನ್, 1820ರ ದಶಕದಲ್ಲಿ ಬರ್ಟನ್ನಿನ ಆಲ್‌ಸಪ್ ಹಾಪ್ಸ್ ಹೆಚ್ಚು ಹಾಕಿದ ಏಲನ್ನು ಹಡಗಿನಲ್ಲಿ ಭಾರತಕ್ಕೆ ಕಳಿಸುತ್ತಿದ್ದರು. ತಿಂಗಳುಗಟ್ಟಲೆ ಸಮುದ್ರ ದಾಟಿ ಬಂದ ಆ ಏಲನ್ನು ಕೊಳ್ಳುವ ಬಿಳಿಯ ಅಧಿಕಾರಿಗೆ ಅದು ಯಾರದು ಎಂದು ಗೊತ್ತಿರುತ್ತಿತ್ತು, ಕೆಟ್ಟಿದ್ದರೆ ಬೈಯುವುದು ಯಾರನ್ನು ಎಂದೂ ಗೊತ್ತಿರುತ್ತಿತ್ತು. ನಮ್ಮ ಕಡೆಯ ಗುತ್ತಿಗೆ ಅಂಗಡಿಯಲ್ಲಿ ಶೆರೆಗೆ ಮಾಡಿದವನ ಹೆಸರಿರಲಿಲ್ಲ. ಆ ಹಳ್ಳಿಗಳಿಗೆ ಗುತ್ತಿಗೆದಾರ ಒಬ್ಬನೇ ಆಗಿದ್ದರಿಂದ ಆಯ್ಕೆಯೂ ಇರಲಿಲ್ಲ. ಆಯ್ಕೆ ಇಲ್ಲದ ಕಡೆ ಹೋಲಿಕೆ ಹುಟ್ಟುವುದಿಲ್ಲ, ಹೋಲಿಕೆ ಇಲ್ಲದ ಕಡೆ ರುಚಿಗೆ ಮಾತು ಹುಟ್ಟುವುದಿಲ್ಲ. ಇದೇ ಸರಕಾರ ಇದೇ ಜಿಲ್ಲೆಯ ಹತ್ತಿಯ ವಿಷಯದಲ್ಲಿ ನಡೆದುಕೊಂಡ ರೀತಿಯನ್ನು ಪಕ್ಕದಲ್ಲಿಟ್ಟರೆ ವಾದ ಇನ್ನಷ್ಟು ಸ್ಪಷ್ಟವಾಗುತ್ತದೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಬೆಲೆ ಏರಿ ಕಲಬೆರಕೆ ಹೆಚ್ಚಿದಾಗ ಮುಂಬಯಿ ಸರಕಾರ 1863ರಲ್ಲಿ ಹತ್ತಿ ಕಲಬೆರಕೆಯ ವಿರುದ್ಧ ಕಾಯ್ದೆಯನ್ನೇ ತಂದಿತು, ತಪಾಸಣೆಗೆ ಅಧಿಕಾರಿಗಳನ್ನು ಇಟ್ಟಿತು. ಏಕೆಂದರೆ ಧಾರವಾಡದ ಹತ್ತಿಯ ಗುಣದ ಮೇಲೆ ಲ್ಯಾಂಕಶೈರಿನ ಗಿರಣಿ ನಿಂತಿತ್ತು. ಧಾರವಾಡದ ಶೆರೆಯ ಗುಣದ ಮೇಲೆ ನಿಂತಿದ್ದದ್ದು ಇಲ್ಲಿನ ಕೂಲಿಯವನ ಹೊಟ್ಟೆ ಮಾತ್ರ. ಯಾರಿಗೆ ದರ್ಜೆ ಬೇಕೋ ಅವರಿಗೆ ಅಧಿಕಾರವಿದ್ದಾಗ ದರ್ಜೆ ಬಂದಿತು. ಇಲ್ಲದಾಗ ಡಿಗ್ರಿ ಸಾಕಾಯಿತು.

ಡಬ್ಬಿಯ ಕಥೆಯೂ ಇದನ್ನೇ ಇನ್ನೊಂದು ದಿಕ್ಕಿನಿಂದ ತೋರಿಸುತ್ತದೆ. 1935ರ ಜನವರಿಯಲ್ಲಿ ಅಮೆರಿಕದ ರಿಚ್ಮಂಡ್ ನಗರದಲ್ಲಿ ಕ್ರೂಗರ್ ಕಂಪನಿ ಮೊದಲ ಬಾರಿ ಬಿಯರನ್ನು ಡಬ್ಬಿಯಲ್ಲಿ ಮಾರಿತು. ಅದೇ ವರ್ಷದ ಕೊನೆಗೆ ವೇಲ್ಸಿನ ಫೆಲಿನ್‌ಫೋಲ್ ಎಂಬ ಬಿಯರ್ ಕಾರ್ಖಾನೆ ಬ್ರಿಟನ್ನಿನಲ್ಲೂ ಅದನ್ನು ಶುರುಮಾಡಿತು. ತವರದ ಲೇಪನದ ತಗಡು ತಯಾರಿಸುವ ಉದ್ಯೋಗ ಆ ಭಾಗದಲ್ಲಿ ನೆಲೆಯಾಗಿದ್ದುದೂ ಅದಕ್ಕೊಂದು ಕಾರಣ. ಡಬ್ಬಿ ಬೆಳಕನ್ನೂ ಗಾಳಿಯನ್ನೂ ತಡೆಯುತ್ತದೆ. ಬೆಳಕು ಬಿದ್ದರೆ ಹಾಪ್ಸಿನ ಕಹಿ ಕೆಟ್ಟ ವಾಸನೆಗೆ ತಿರುಗುತ್ತದೆ. ಒಂದು ಅರ್ಥದಲ್ಲಿ ಡಬ್ಬಿ ಎಂದರೆ ಹೊತ್ತನ್ನು ನಿಲ್ಲಿಸುವ ಉಪಾಯ. ಶಿಂದಿಯಲ್ಲಿ ಗಂಟೆಗಂಟೆಗೂ ಆಗುವಂಥ ಬದಲಾವಣೆಯನ್ನು ಏಲಿನಲ್ಲಿ ಡಬ್ಬಿ ತಡೆದು ಹಿಡಿದದ್ದರಿಂದಲೇ ಒಂದು ಊರಲ್ಲಿ ಮಾಡಿದ ಏಲನ್ನು ಸಾವಿರ ಮೈಲಿ ದೂರದ ಅಪರಿಚಿತನು ರುಚಿ ನೋಡಿ, ಇನ್ನೊಬ್ಬ ಅಪರಿಚಿತನು ಕೊಟ್ಟ ಅಂಕದೊಡನೆ ತನ್ನದನ್ನು ಹೋಲಿಸಬಹುದು. ಡಬ್ಬಿಯ ಏಲ್ ಸಪ್ಪೆ ಎಂದು ಇಂಗ್ಲೆಂಡಿನಲ್ಲೇ ಅನೇಕರು ದೂರಿದರು; ಪೀಪಾಯಿಯಲ್ಲೇ ಹುದುಗು ಜೀವಂತವಾಗಿರುವ ಏಲನ್ನು ಉಳಿಸಿಕೊಳ್ಳಲು 1971ರಲ್ಲಿ ಅಲ್ಲಿನ ಗ್ರಾಹಕರು ಸಂಘಟನೆಯನ್ನೇ ಕಟ್ಟಿದರು. ಈ ಜಗಳ ಗಮನಿಸಬೇಕಾದದ್ದು. ಪಾನೀಯ ನೆರೆಯವರ ಕೈಯಿಂದ ಅಪರಿಚಿತರ ಕೈಗೆ ಹೋಗುವಾಗ ಕಳೆದದ್ದೇನು ಎಂದು ಕುಡಿಯುವವರೇ ಎದ್ದು ನಿಂತು ಕೇಳಿದರು. ಅಂಕ ಕೊಡುವ ಪದ್ಧತಿ ಹಬ್ಬಿದ್ದೂ ಆ ಕಾಲದ ನಂತರವೇ. ಅಂದರೆ ಅದು ಉಂಡು ಸುಖವಾಗಿರುವವರ ಸೊಕ್ಕು ಮಾತ್ರವಲ್ಲ; ದೂರದ ತಯಾರಕನನ್ನು ಉತ್ತರ ಹೇಳುವಂತೆ ಮಾಡುವ ಒಂದು ದಾರಿ. ನಮ್ಮಲ್ಲಿ ಪಾನೀಯ ಅಪರಿಚಿತರ ಕೈಗೆ ಹೋಯಿತು, ಆ ದಾರಿ ಮಾತ್ರ ತೆರೆಯಲೇ ಇಲ್ಲ.

ತೆರೆಯದಿರಲು ನಮ್ಮದೇ ಚಳವಳಿಗಳೂ ಕಾರಣವಾದವು, ಅದನ್ನು ಗೌರವದಿಂದಲೇ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬೆಟಗೇರಿಯಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ ಕುಡಿತವನ್ನು ಪಾಪವೆಂದೇ ಕಂಡಿತು. ರಾಷ್ಟ್ರೀಯ ಚಳವಳಿಗೆ ಶೆರೆ ಅಂಗಡಿ ಎಂದರೆ ಪರಕೀಯ ಸರಕಾರದ ತಿಜೋರಿ. 1921ರ ಜುಲೈ 1ರಂದು ಧಾರವಾಡದಲ್ಲಿ ಶೆರೆ ಅಂಗಡಿಯ ಮುಂದಿನ ಪಿಕೆಟಿಂಗ್ ಗೋಲಿಬಾರಿನಲ್ಲಿ ಮುಗಿದು ಮೂವರು ಖಿಲಾಫತ್ ಕಾರ್ಯಕರ್ತರು ಪ್ರಾಣ ಕೊಟ್ಟರು. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲ ಮರಗಳನ್ನು ಕಡಿಯುವುದೇ ಸತ್ಯಾಗ್ರಹವಾಯಿತು. ಈ ತ್ಯಾಗದ ಮುಂದೆ ರುಚಿಯ ಮಾತು ಹಗುರ ಎನ್ನಿಸುತ್ತದೆ, ಎನ್ನಿಸಬೇಕು ಕೂಡ. ಆದರೂ ನಡೆದದ್ದನ್ನು ನೋಡಬೇಕು. ಶೆರೆ ಬಂದದ್ದು ಗುತ್ತಿಗೆಯ ಭಟ್ಟಿಯಿಂದ, ಕೊಡಲಿ ಬಿದ್ದದ್ದು ಹಳ್ಳದ ಈಚಲ ಮರಕ್ಕೆ. ಈಚಲ ಮರದ ಕೆಳಗೆ ಮಜ್ಜಿಗೆ ಕುಡಿದರೂ ಹೆಂಡವೇ ಎನ್ನುವ ಗಾದೆ ಇರುವ ನಾಡಿನಲ್ಲಿ ಮರವೇ ಅಪರಾಧಿಯಾಯಿತು. ನೂರಕ್ಕೆ ನಾಲ್ಕೈದು ಪಾಲು ಅಮಲಿನ ಶಿಂದಿಯೂ ಅದಕ್ಕಿಂತ ಎಷ್ಟೋ ಪಟ್ಟು ಗಟ್ಟಿಯಾದ ಶೆರೆಯೂ ಒಂದೇ ತಕ್ಕಡಿಯಲ್ಲಿ ಕುಳಿತವು. ಸಾಂಗಲಿ, ಮಿರಜ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿ, 1950ರ ಏಪ್ರಿಲಿನಲ್ಲಿ ಮುಂಬಯಿಯಲ್ಲಿ ಸಂಪೂರ್ಣ ಪಾನನಿಷೇಧ ಬಂದಾಗ ನಾಲ್ಕೂ ಊರುಗಳು ಒಂದೇ ಮದ್ಯದ ಕಾನೂನಿನ ಕೆಳಗೆ ಬಂದವು. ಆ ನಿಷೇಧವನ್ನು ತಂದ 1949ರ ಕಾಯ್ದೆ ಔಷಧ, ಅತ್ತರುಗಳಲ್ಲಿರುವ ಆಲ್ಕೊಹಾಲನ್ನೂ ಮದ್ಯವೆಂದೇ ಎಣಿಸಿತ್ತು. 1951ರ ಬಲ್ಸಾರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅಷ್ಟು ಭಾಗವನ್ನು ತೆಗೆದುಹಾಕಿತು. ಕುಡಿಯುವವನು ಇನ್ನು ಪರವಾನಗಿ ಪಡೆದ ರೋಗಿ, ಇಲ್ಲವೇ ಕಳ್ಳ. ಈ ಎರಡು ವೇಷಗಳಲ್ಲಿ ಯಾವುದರಲ್ಲಿದ್ದರೂ ಒಳ್ಳೆಯದು ಕೆಟ್ಟದ್ದರ ವಿಚಾರ ಬಾಯಿಬಿಟ್ಟು ಆಡುವಂತಿರಲಿಲ್ಲ. ಪಕ್ಕದ ಕೊಪ್ಪಳದ ಕಡೆ ಇಂಥ ನಿಷೇಧವಿರಲಿಲ್ಲ. ಗಡಿಯ ಹಳೆಯ ಲೆಕ್ಕ ಹೊಸ ಹೆಸರಿನಲ್ಲಿ ಮುಂದುವರಿಯಿತು.

ಅರವತ್ತರ ದಶಕದ ಕೊನೆಗೆ ನಿಷೇಧ ಸಡಿಲಿ ಸಾರಾಯಿ ಮತ್ತೆ ಬಂದಾಗ ಬಂದದ್ದು ಗುತ್ತಿಗೆಯ ಪದ್ಧತಿಯೇ, ಮುಂದೆ ಪ್ಲಾಸ್ಟಿಕ್ ಪಾಕೀಟಿನಲ್ಲಿ. ಪಾಕೀಟು ಕೂಡ ಒಂದು ಬಗೆಯ ಡಬ್ಬಿಯೇ. ಆದರೆ ಏಲಿನ ಡಬ್ಬಿ ಗುಣವನ್ನು ಕಾಪಾಡಲು ಹುಟ್ಟಿದ್ದು, ಸಾರಾಯಿ ಪಾಕೀಟು ಪ್ರಮಾಣವನ್ನು ಕಾಪಾಡಲು ಹುಟ್ಟಿದ್ದು. ಹಲ್ಲಿನಿಂದ ಮೂಲೆ ಕಚ್ಚಿ ಒಂದೇ ಉಸಿರಿಗೆ ಮುಗಿಸುವ ಆ ವಸ್ತುವಿನಲ್ಲಿ ಬಣ್ಣ ನೋಡಲು, ವಾಸನೆ ತಿಳಿಯಲು ಎಡೆಯೇ ಇರಲಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ, 2008ರಲ್ಲಿ ಮತ್ತೆ ರಾಜ್ಯದ ದಕ್ಷಿಣ ಭಾಗದಲ್ಲಿ ಕಳ್ಳಭಟ್ಟಿ ಕುಡಿದು ಬಡವರು ಗುಂಪುಗುಂಪಾಗಿ ಸತ್ತರು. ಇಲ್ಲಿ ನನ್ನ ವಾದದ ಮಿತಿಯನ್ನು ನಾನೇ ಹೇಳಬೇಕು: ಸಾವು ತಂದ ಮಿಥೈಲ್ ಆಲ್ಕೊಹಾಲನ್ನು ನಾಲಗೆ ಕಂಡುಹಿಡಿಯಲಾರದು, ಅದರ ರುಚಿ ಕುಡಿಯುವ ಆಲ್ಕೊಹಾಲಿಗೆ ತೀರ ಹತ್ತಿರ. ರುಚಿಯ ಜ್ಞಾನ ಅವರನ್ನು ಉಳಿಸುತ್ತಿತ್ತು ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಉಳಿಸಬಹುದಾಗಿದ್ದದ್ದು ಆ ಜ್ಞಾನ ಬೆಳೆಯುವ ನೆಲ: ಮಾಡಿದವನು ಯಾರೆಂದು ತಿಳಿದಿರುವುದು, ಅವನ ಹೆಸರನ್ನು ಬಹಿರಂಗದಲ್ಲಿ ಹೇಳಲು ಸಾಧ್ಯವಿರುವುದು. 2004ರ ಸುಮಾರಿಗೆ ಕರಾವಳಿ ಬಿಟ್ಟು ಉಳಿದೆಡೆ ಹೆಂಡದ ಮಾರಾಟ ನಿಂತಿತು, 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಮೊದಲು ಹೋದದ್ದು ಹಗುರವಾದದ್ದು, ಆಮೇಲೆ ಹೋದದ್ದು ಅಗ್ಗವಾದದ್ದು, ಉಳಿದದ್ದು 42.8ರ ಬಾಟಲಿ ಮತ್ತು ಸ್ಟ್ರಾಂಗ್ ಎಂಬ ಹಣೆಪಟ್ಟಿಯ ಬಿಯರು. ಬೆಂಗಳೂರಿನಲ್ಲಿ 2010ರ ನಂತರ ಹುಟ್ಟಿದ ಸಣ್ಣ ಬಿಯರ್ ಕಾರ್ಖಾನೆಗಳ ಗಿರಾಕಿಗಳು ಏಲಿನ ರುಚಿಯ ಭಾಷೆಯನ್ನು ಇಂಗ್ಲಿಷಿನಲ್ಲಿ ಕಲಿಯುತ್ತಿದ್ದಾರೆ. ಆ ಭಾಷೆ ಹಣವಿದ್ದವರ ಸೊತ್ತಾಗಿ ಉಳಿದಿದೆ.

ಕೊನೆಯ ಆಕ್ಷೇಪಣೆ ಎಲ್ಲಕ್ಕಿಂತ ಗಂಭೀರವಾದದ್ದು, ಅದು ಬರುವುದು ಮನೆಯ ಒಳಗಿನಿಂದ. ಕುಡಿತದಿಂದ ಹಾಳಾದ ಸಂಸಾರಗಳ ಮುಂದೆ ನಿಂತು ರುಚಿಯ ದರ್ಜೆಯನ್ನು ಹೊಗಳುವುದು ಕುಡಿತಕ್ಕೆ ಮರ್ಯಾದೆಯ ಅಂಗಿ ತೊಡಿಸಿದಂತಲ್ಲವೇ? ಇಲಕಲ್ಲಿನ ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟಾಗ ಜನರಿಂದ ಬೇಡಿದ್ದು ದುಡ್ಡನ್ನಲ್ಲ, ದುಶ್ಚಟಗಳನ್ನು. ಆ ಮಹಾಂತ ಜೋಳಿಗೆ ಎಷ್ಟೋ ಮನೆಗಳ ಕಣ್ಣೀರು ಒರೆಸಿತು. ಅವರ ಜನ್ಮದಿನವಾದ ಆಗಸ್ಟ್ 1 ಈ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಅದರ ಎದುರು ನಿಲ್ಲುವ ಉದ್ದೇಶ ಈ ಲೇಖನಕ್ಕಿಲ್ಲ. ಬಿಡಬೇಕಾದವನು ಬಿಡಲೇಬೇಕು, ಬಿಡಿಸುವ ಕೈ ಪೂಜ್ಯವಾದದ್ದು. ಆದರೆ ಜೋಳಿಗೆ ಕೆಲಸ ಮಾಡಿದ್ದು ಹೇಗೆ ಎಂದು ನೋಡಿದರೆ ಅಲ್ಲೂ ಇದ್ದದ್ದು ಮುಖಾಮುಖಿ ಮಾತು: ಮನೆಯ ಬಾಗಿಲಲ್ಲಿ ನಿಂತು, ಹೆಸರು ಹಿಡಿದು ಕೇಳಿ, ಕೊಟ್ಟ ಮಾತನ್ನು ಊರ ಮುಂದೆ ಇಡುವುದು. ನೆರೆಯವರ ಕಣ್ಣಳತೆಯಲ್ಲಿ ನಡೆಯುವ ತೀರ್ಮಾನ ಅದು. ಅಬಕಾರಿ ಕಾಯ್ದೆ ಒಡೆದು ಹಾಕಿದ್ದು ಅದನ್ನೇ. ಡಿಗ್ರಿಯ ಲೆಕ್ಕಕ್ಕೆ ಕುಡಿತ ನಿಲ್ಲುವುದೂ ಬೇಕಿರಲಿಲ್ಲ, ಕುಡಿತ ಚೆನ್ನಾಗಿರುವುದೂ ಬೇಕಿರಲಿಲ್ಲ. ಅಳತೆಗೆ ಸಿಕ್ಕರೆ ಸಾಕಿತ್ತು. ಬಿಡು ಎನ್ನುವ ಸ್ವಾಮಿಗಳೂ, ಇದು ಹೊತ್ತು ಮೀರಿದ ಶಿಂದಿ, ನಮಗೆ ಬೇಡ ಎನ್ನುವ ಹಳ್ಳಿಗನೂ ಒಂದು ವಿಷಯದಲ್ಲಿ ಒಂದೇ ಕಡೆ ನಿಲ್ಲುತ್ತಾರೆ: ಇಬ್ಬರೂ ಬೇಡ ಎನ್ನಬಲ್ಲವರು. ದರ್ಜೆ ಹಚ್ಚುವುದರ ಅರ್ಧ ಭಾಗ ತಿರಸ್ಕರಿಸುವುದೇ ಆಗಿದೆ.

ಆದ್ದರಿಂದ ಡಬ್ಬಿಯ ಏಲಿಗೆ ಅಂಕ ಕೊಡುವವರ ಸಾಲಿನಲ್ಲಿ ಗದಗಿನವರೂ ಕೂರಬೇಕು ಎಂಬುದು ನನ್ನ ಮಾತಲ್ಲ. ನಾನು ಕೇಳುವುದು ಚರಿತ್ರೆಯ ನ್ಯಾಯವನ್ನು ಮಾತ್ರ. ಈ ಸೀಮೆಯ ಹತ್ತಿ ತಳಿಗಳ ಚರಿತ್ರೆ ದಾಖಲಾಗಿದೆ, 1905ರಲ್ಲಿ ದೇಶದ ಮೊದಲ ಕೃಷಿ ಸಹಕಾರಿ ಸಂಘ ಕಟ್ಟಿದ ಕಣಗಿನಹಾಳದ ಚರಿತ್ರೆ ದಾಖಲಾಗಿದೆ, ಲಕ್ಕುಂಡಿಯ ಕಲ್ಲುಗಳ ಚರಿತ್ರೆ ದಾಖಲಾಗಿದೆ. ಮರ ಹತ್ತಿ ಶಿಂದಿ ಇಳಿಸುತ್ತಿದ್ದವರ ಅರಿವು ಮಾತ್ರ ಅಬಕಾರಿ ವರದಿಯ ಆದಾಯದ ಕಾಲಮ್ಮಿನಲ್ಲಿ ಕರಗಿ ಕುಳಿತಿದೆ. ಯಾವ ಹಳ್ಳದ ಮರದ ರಸ ಹೇಗೆ, ಚಳಿಗಾಲದ ಮಡಕೆಗೂ ಬೇಸಿಗೆಯ ಮಡಕೆಗೂ ಏನು ಭೇದ, ಕೆಟ್ಟದ್ದಕ್ಕೆ ಏನನ್ನುತ್ತಿದ್ದರು, ನೀರು ಬೆರೆಸಿದ್ದನ್ನು ಹೇಗೆ ಗುರುತಿಸುತ್ತಿದ್ದರು ಎಂಬುದು ಇನ್ನೂ ಕೆಲವು ವೃದ್ಧರ ನೆನಪಿನಲ್ಲಿ ಇರಬಹುದು. ಅದನ್ನು ಬರೆದಿಡಲು ಯಾರೂ ಕುಡಿಯಬೇಕಾಗಿಲ್ಲ, ಕೇಳಿದರೆ ಸಾಕು. ನುಡಿಯ ಹದವನ್ನು ನಾಡಿಗೆಲ್ಲ ತೋರಿಸಿಕೊಟ್ಟ ಪುಲಿಗೆರೆಯ ನಾಲಗೆಗೆ ತನ್ನ ಹಳ್ಳದ ರಸದ ಹದವನ್ನು ಹೇಳುವ ಶಬ್ದಗಳೂ ಇದ್ದವು. ಆ ಶಬ್ದಗಳು ಒಂದು ಅಂಕಿಯ ಕೆಳಗೆ ಹೂತುಹೋಗಿವೆ. ಅಂಕಿಯನ್ನು ಎತ್ತಿ ನೋಡುವ ಕೆಲಸ ಚರಿತ್ರೆ ಬರೆಯುವವರ ಪಾಲಿಗೆ ಬಾಕಿಯಿದೆ.